ನಾಲ್ಕು ಕುರಿ ಮತ್ತು ಗುಡ್ಡದ ಗಾಡಿ

ಮರೋಳ, ಹುನಗುಂದ ತಾಲೂಕು
೧೮ ಜೂನ್ ೨೦೦೧

ಚೇತನಾ ಅವರಿಗೆ,

ಇಳಕಲ್ಲಿಗೆ ಹೋಗಿ ನಿಮ್ಮ ತಾಯಿ ದುರ್ಗವ್ವನವರನ್ನು ಕಂಡು ಈ ವಿಳಾಸ ತಂದೆ. ನಾನಾಗಿ ಬರೆಯುವವಳಲ್ಲ, ಕೆಲಸ ಬಿದ್ದಿದೆ. ಹೆಸರು ಮಹಾದೇವಿ. ಎಂಟು ವರ್ಷದ ಹಿಂದೆ ಹುನಗುಂದದ ಹಾಸ್ಟೆಲಿನಲ್ಲಿ ನಿಮ್ಮ ಕೋಣೆಯಲ್ಲೇ ಏಳು ತಿಂಗಳು ಇದ್ದೆ. ನೆನಪು ಬರದಿದ್ದರೂ ನಡೆಯುತ್ತದೆ, ಕೇಳಿದ್ದಕ್ಕೆ ಉತ್ತರ ಬಂದರೆ ಸಾಕು.

ನೀವು ಪುಣೆಯ ಪ್ರವರಾ ಮೋಟಾರ್ಸಿನಲ್ಲಿ ಟೈಪಿಸ್ಟ್ ಎಂದು ನಿಮ್ಮ ತಾಯಿ ಹೇಳಿದರು. ಆ ಕಂಪನಿಯವರು ಶಿಖರ್ ಎಂಬ ವಿಶೇಷ ಪಿಕಪ್ ಗಾಡಿ ಮಾಡುತ್ತಾರೆ. ನಾಲ್ಕೂ ಗಾಲಿ ಒಟ್ಟಿಗೆ ಎಳೆಯುತ್ತವೆ, ಬಾಗಿಲ ಮೇಲೆ ಗುಡ್ಡದ ಚಿತ್ರ ಇರುತ್ತದೆ. ನಮ್ಮ ಕಡೆ ಅದರ ಹೆಸರೇ ಗುಡ್ಡದ ಗಾಡಿ. ಅದನ್ನು ನಿಲ್ಲಿಸುತ್ತಾರೆಯೇ, ಇಲ್ಲವೇ? ನನಗೆ ಬೇಕಾದದ್ದು ಇಷ್ಟೇ.

ಏಕೆ ಕೇಳುತ್ತಿದ್ದೇನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಫೀಸಿನವರಿಗೆ ಈ ಕಾಗದ ಹಗುರಾಗಿ ಕಾಣುತ್ತದೆ. ದೀಪಾವಳಿಯ ಹಟ್ಟಿ ಹಬ್ಬ ಮುಗಿದ ಮೇಲೆ ನಾವು ಕುರಿ ಹೊಡೆದುಕೊಂಡು ಮಲಪ್ರಭೆಯ ದಂಡೆಗೆ ಹೋಗುತ್ತೇವೆ, ಮಳೆ ಹಿಡಿಯುವ ಹೊತ್ತಿಗೆ ತಿರುಗಿ ಬರುತ್ತೇವೆ. ಕುರಿಗಳು ಈಯುವುದೂ ದಾರಿಯಲ್ಲೇ. ನಿನ್ನೆ ಹುಟ್ಟಿದ ಮರಿ ಇವತ್ತು ನಾಲ್ಕು ಹರದಾರಿ ನಡೆಯುತ್ತದೆಯೇ? ಮೊದಲೆಲ್ಲ ನಮ್ಮಪ್ಪ ಅಮಸಿದ್ದಪ್ಪ ಹೆಗಲ ಮೇಲೆ ಹೊರುತ್ತಿದ್ದ. ಈಗ ಅವನ ಮೊಣಕಾಲು ಕೈಕೊಟ್ಟಿದೆ. ಎರಡು ವರ್ಷ ಬಾದಾಮಿ ಕಡೆಯ ನೆಂಟರ ಗುಡ್ಡದ ಗಾಡಿಯಲ್ಲಿ ಮರಿಗಳನ್ನು ಹೇರಿದೆವು. ಗಾಡಿ ಹೊಡೆಯುವವಳು ನಾನೇ. ಗಂಡ ಚಂದಪ್ಪ ಕುರಿಯ ಹಿಂದೆ ನಡೆಯುತ್ತಾನೆ, ಹೆಂಡತಿ ಗಾಡಿಯಲ್ಲಿ ಮೆರೆಯುತ್ತಾಳೆ ಎಂದು ಊರವರು ನಗುತ್ತಾರೆ. ನಗಲಿ. ಎರಿ ಹೊಲದ ಕರಿಮಣ್ಣಿಗೆ ಒಂದು ಮಳೆ ಬಿದ್ದರೆ ಅವರ ಟ್ರ್ಯಾಕ್ಟರು ಅಲ್ಲಾಡುವುದಿಲ್ಲ, ಈ ಗಾಡಿ ದಾಟುತ್ತದೆ.

ನೆಂಟರು ಈ ವರ್ಷ ಬೇರೆ ದಾರಿ ಹಿಡಿಯುತ್ತಾರೆ. ಅದಕ್ಕೆ ಬಾಗಲಕೋಟೆಯ ನವನಗರದ ಶೋರೂಮಿನಲ್ಲಿ ನಮ್ಮದೇ ಒಂದು ಗಾಡಿಗೆ ಹೆಸರು ಬರೆಸಿದ್ದೆವು. ಮೊನ್ನೆ ಹೋದರೆ ಅಲ್ಲಿಯವನು, "ಗುಡ್ಡದ ಗಾಡಿ ಬಂದ್ ಆಗೂದೈತ್ರಿ. ಸಾದಾದ್ದ ಒಯ್ರಿ, ಅದಕ್ಕೂ ನಾಕ ಗಾಲಿನ ಅದಾವ" ಎಂದು ಹಲ್ಲು ಕಿರಿದ. ಅಪ್ಪ ಮನೆಗೆ ಬಂದು ಒಂದೇ ಮಾತು ಹೇಳಿದ: "ಹಟ್ಟಿ ಹಬ್ಬದೊಳಗ ಗಾಡಿ ಸುದ್ದಿ ಖಾತ್ರಿ ಆಗಲಿಲ್ಲಂದ್ರ ಕುರಿ ಮಾರಿಬಿಡ್ತೇನಿ. ದಾರ್ಯಾಗ ಮರಿ ಸಾಯೂದು ನನ್ನ ಕೈಲೆ ನೋಡೂದಾಗಂಗಿಲ್ಲ."

ಕುರಿ ಹೋದರೆ ಚಂದಪ್ಪ ಇಳಕಲ್ಲಿನ ಕಲ್ಲು ಕ್ವಾರಿಗೆ, ನಾನು ಯಾರದೋ ಹೊಲಕ್ಕೆ. ಅಪ್ಪ ಎಲ್ಲಿಗೆ ಎಂಬುದು ನನಗೆ ತಿಳಿಯುತ್ತಿಲ್ಲ. ಕುರಿಯಿಲ್ಲದ ಅಪ್ಪನನ್ನು ನಾನು ಒಂದು ದಿನವೂ ಕಂಡಿಲ್ಲ.

ಉತ್ತರದ ದಾರಿ ನೋಡುವ,
ಮಹಾದೇವಿ

*

ಪುಣೆ
೩ ಜುಲೈ ೨೦೦೧

ಮಹಾದೇವಿ,

"ಚೇತನಾ ಅವರಿಗೆ" ಎಂದು ನೀನು ಬರೆದದ್ದನ್ನು ಮೂರು ಸಲ ಓದಿದೆ. ನೆನಪು ಬರದಿದ್ದರೂ ನಡೆಯುತ್ತದಂತೆ! ನಿನ್ನನ್ನು ನೀವು ಎನ್ನಲು ನನ್ನಿಂದಾಗದು. ಬೈದುಕೋ, ನಾನು ನೀನು ಎಂದೇ ಬರೆಯುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಇನ್ನೂ ತೀರ್ಮಾನವಾಗಿಲ್ಲ, ಆದರೆ ನಿಲ್ಲಿಸುವ ಕಡೆಗೇ ಎಲ್ಲರ ಮನಸ್ಸಿದೆ. ಮೂರು ವರ್ಷದ ಹಿಂದೆ ಊರೊಳಗಿನ ಶೋಕಿಯವರು ಕೊಳ್ಳುತ್ತಾರೆಂದು ಶಿಖರ್ ಮಾಡಿದರು. ಗುಡ್ಡದ ಚಿತ್ರ, ತಲೆಯ ಮೇಲೆ ದೊಡ್ಡ ದೀಪ, ಎಲ್ಲವೂ ಅವರಿಗಾಗಿಯೇ. ಶೋಕಿಯವರು ನೋಡಿ ಹೋದರು, ಕೊಳ್ಳಲಿಲ್ಲ. ಕೊಂಡವರು ಹೊರ ರಾಜ್ಯದ ಕೆಲವು ಸರ್ಕಾರಿ ಇಲಾಖೆಗಳು, ಅವೂ ಆಮೇಲೆ ಹರಾಜಿಗೆ ಹಾಕಿದವು. ನಿಮ್ಮವರು ಹರಾಜಿನಿಂದ ತಂದಿದ್ದರೆ ನಮ್ಮ ಪುಸ್ತಕದಲ್ಲಿ ಅದು ಕಾಣುವುದಿಲ್ಲ. ಪುಸ್ತಕದ ಪ್ರಕಾರ ಬಾಗಲಕೋಟೆ ಜಿಲ್ಲೆಯಲ್ಲಿ ಇರುವ ಶಿಖರ್ ಗಾಡಿಗಳು ಶೂನ್ಯ. ನವೆಂಬರ್ ಐದರಂದು ದೊಡ್ಡವರ ಸಭೆ ಕೂತು ಮುಗಿಸಿಬಿಡುತ್ತದೆ.

ಇನ್ನೊಂದು ಇದೆ, ಅದು ಕೆಟ್ಟದ್ದು. ಈ ವರ್ಷದ ಮೊದಲಿಗೆ ಕಂಪನಿಯವನೊಬ್ಬ ನಿಮ್ಮ ಕಡೆ ಬಂದು, ಕುರಿ ಸಾಕುವವರಿಗೆ ಈ ಗಾಡಿ ಬೇಕಾದೀತೇ ಎಂದು ಹೊಳೆದಂಡೆಯ ಹಟ್ಟಿಹಟ್ಟಿ ಕೇಳಿ ಹೋಗಿದ್ದಾನೆ. ಅವನ ವರದಿ ಕಡತದಲ್ಲಿದೆ, ಒಂದು ಹಾಳೆಯ ಪ್ರತಿ ಇದರೊಳಗೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ನೀನು ಓದಿಕೊಳ್ಳುತ್ತೀ. "ಅಮಸಿದ್ದಪ್ಪ, ಮರೋಳ. ಕುರಿಗಳ ಸಂಖ್ಯೆ: ನಾಲ್ಕು." ಅದರ ಕೆಳಗೆ ಬಾದಾಮಿ ತಾಲೂಕಿನವರು, ಒಬ್ಬರದು ಮೂರು, ಇನ್ನೊಬ್ಬರದು ಎರಡು. ಮತ್ತೊಬ್ಬರು "ಒಂದೇ ಕುರಿ, ಅದೂ ಮುದುಕಿ" ಎಂದಿದ್ದಾರೆ. ನಾಲ್ಕು ಕುರಿಯವನಿಗೆ ನಾಲ್ಕು ಗಾಲಿ ಎಳೆಯುವ ಗಾಡಿ ಏಕೆ ಎಂದು ನಮ್ಮ ಸಾಹೇಬರು ಬದಿಯಲ್ಲಿ ಕೆಂಪು ಶಾಯಿಯಲ್ಲಿ ಗೀಚಿದ್ದಾರೆ.

ಸಭೆಗೆ ಮೊದಲು ಅಮಸಿದ್ದಪ್ಪ ಕಾಕಾ ಮತ್ತು ಉಳಿದವರು ಖರೆ ಸಂಖ್ಯೆ ಬರೆದು ಹೆಬ್ಬೆಟ್ಟು ಒತ್ತಿ ಕಳಿಸಿದರೆ ನಾನು ಕಡತಕ್ಕೆ ಸೇರಿಸುತ್ತೇನೆ. ನಿನ್ನ ಅವ್ವ, ಲಗಮವ್ವ ಕಾಕು ಹೇಗಿದ್ದಾರೆ? ಬೇರೆ ಏನೇನೋ ಬರೆಯಬೇಕೆಂದು ಕೂತಿದ್ದೆ, ಹಾಳೆ ಮುಗಿಯಿತು.

ನಿನ್ನ,
ಚೇತನಾ

*

ಮರೋಳ
೨೯ ಜುಲೈ ೨೦೦೧

ಚೇತನಾ,

ಸಿಟ್ಟಿನಲ್ಲಿ ನೀವು ಎಂಬುದು ಕೈಗೆ ಬರುತ್ತಿಲ್ಲ, ಆದ್ದರಿಂದ ನೀನು.

ನಿನ್ನ ಮಾತು ನಂಬಿ ಅಪ್ಪನ ಮುಂದೆ ಹಾಳೆ ಹಿಡಿದೆ. "ಅಪ್ಪಾ, ಖರೆ ಎಷ್ಟ ಅದಾವ ಅಂತ ಹೇಳು, ಬರಕೋತೇನಿ" ಎಂದೆ. ಬಂದೂಕು ಹಿಡಿದವಳನ್ನು ನೋಡುವಂತೆ ನೋಡಿದ. "ಬೀರಪ್ಪ ದೇವ್ರು ಕೊಟ್ಟದ್ದನ್ನ ಎಣಿಸಿ ಮಂದಿಗೆ ಹೇಳಾಕ ನಾ ಯಾರು? ಹೇಳಿದ ದಿನಾನ ಕೊಟ್ಟಾವ ಕೈ ಎಳಕೋತಾನ. ನಾಕ ಅಂದೇನಿ, ನಾಕ ಇರ್ಲಿ." ಗಾಡಿ ಹೋಗುತ್ತದೆ ಎಂದೆ. "ಹೋಗ್ಲಿ" ಎಂದ. ಕುರಿಯೂ ಹೋಗುತ್ತವೆ ಎಂದೆ. ಅಪ್ಪ ಹೊರಗೆ ಹೋಗಿ ದೊಡ್ಡಿಯ ಬೇಲಿ ಬಿಗಿಯುತ್ತ ನಿಂತ. ಬಿಗಿಯಾಗಿದ್ದ ಬೇಲಿಯನ್ನೇ ಮತ್ತೆ ಬಿಗಿದ.

ಬಾದಾಮಿ ಕಡೆ ಹೋದೆ. ನೆಂಟರ ಮುದುಕ ಮಾಳಿಂಗರಾಯ, ಅವನೇ "ಒಂದೇ ಕುರಿ" ಎಂದವನು, ಅವನ ಹಿಂಡು ರಸ್ತೆ ದಾಟುವವರೆಗೆ ಎರಡು ಬಸ್ಸು ಹಾರ್ನ್ ಹೊಡೆಯುತ್ತ ನಿಂತಿದ್ದವು. ಅವನ ಎದುರಿಗೇ ನಿಂತು ಕೇಳಿದೆ. "ಒಂದ ಐತೆವ್ವಾ" ಎಂದ, ಕಣ್ಣು ಮಿಟುಕಿಸದೆ.

ನಾವು ಸಂಜೆ ದೊಡ್ಡಿಗೆ ಹಾಕುವಾಗಲೂ ಎಣಿಸುವುದಿಲ್ಲ, ಮುಖ ನೋಡುತ್ತೇವೆ. ಯಾವ ಮುಖ ಕಾಣಲಿಲ್ಲವೋ ಅದನ್ನು ಹುಡುಕಿಕೊಂಡು ಹೋಗುತ್ತೇವೆ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಮಹಾನವಮಿ ರಜೆಯಲ್ಲಿ ನೀನು ನಮ್ಮ ಹಟ್ಟಿಗೆ ಬಂದಾಗ ಬೆರಳು ಮಾಡಿ ಒಂದು, ಎರಡು ಎಂದು ಶುರು ಮಾಡಿದ್ದೆ. ಅವ್ವ ಓಡಿ ಬಂದು ನಿನ್ನ ಬಾಯಿ ಮುಚ್ಚಿ, ಏಕೆಂದು ತಿಳಿಸಿ ಹೇಳಿದ್ದಳು. ಆ ದಿನ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ನೀನೇ ಅಲ್ಲವೇ?

ನೀನು ಕಳಿಸಿದ ಹಾಳೆಯ ಕೆಳಗೆ ಮೂಲೆಯಲ್ಲಿ ಟೈಪು ಮಾಡಿದವರ ಗುರುತು ಇದೆ, ಸಿ.ಕೆ. ಎಂದು. ಚೇತನಾ ಕಳಕಪ್ಪ. ಹಾಗಾದರೆ "ನಾಲ್ಕು" ಎಂದು ಹೊಡೆದ ಬೆರಳು ನಿನ್ನದು. ನಿನಗೆ ಆಗಲೇ ಗೊತ್ತಿತ್ತು, ಸುಮ್ಮನೆ ಇದ್ದೆ.

ಹಾಸ್ಟೆಲಿನ ಊಟದ ಮನೆಯಲ್ಲೂ ಸುಮ್ಮನೆ ಇದ್ದೆ. ಕುರಿ ವಾಸನೆ ಬರುತ್ತದೆಂದು ಹುಡುಗಿಯರೆಲ್ಲ ತಾಟು ಎತ್ತಿಕೊಂಡು ನನ್ನ ಸಾಲಿನಿಂದ ಎದ್ದರು. ವಾರ್ಡನ್ ನಿನ್ನನ್ನೇ ಕೇಳಿದರು, "ಖರೆ ಏನ ಚೇತನಾ? ನೀ ಆಕಿ ಕೋಣ್ಯಾಗ ಇರ್ತೀ." ನೀನು ತಾಟು ನೋಡುತ್ತ ಕೂತೆ. ಇಲ್ಲ ಎಂದು ಒಂದು ಮಾತು, ಅಷ್ಟು ಸಾಕಿತ್ತು. ವಾರದೊಳಗೆ ನಾನು ಟ್ರಂಕು ಹೊತ್ತು ಬಂದೆ, ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ನಿನ್ನ ಕಡತಕ್ಕೆ ಸೇರಿಸಲು ನನ್ನ ಬಳಿ ಯಾವ ಸಂಖ್ಯೆಯೂ ಇಲ್ಲ.

ಮಹಾದೇವಿ

*

ಪುಣೆ
೯ ಸೆಪ್ಟೆಂಬರ್ ೨೦೦೧

ಮಹಾದೇವಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರಿಗೈಯಲ್ಲಿ ಉತ್ತರ ಬರೆಯಬಾರದೆಂದು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನಾನು ಪಳಗಿದವಳು ಎಂದು ನೀನು ನಗಬಹುದು.

ಹೌದು, ಸಿ.ಕೆ. ನಾನೇ. ಮಾರ್ಚಿನಲ್ಲಿ ಆ ಹಾಳೆ ಬಂದಾಗ ಕಾಕಾನ ಹೆಸರು ನೋಡಿ ಬೆರಳು ನಿಂತಿತು. ಇದು ಸುಳ್ಳು, ಅವರು ಕುರಿಯ ಲೆಕ್ಕ ಹೇಳುವವರಲ್ಲ ಎಂದು ಎದ್ದು ಹೇಳಬೇಕಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹಟ್ಟಿಯಲ್ಲಿ ಉಂಡು ಕಂಬಳಿ ಹೊದ್ದು ಮಲಗಿದವಳು ನಾನು ಎನ್ನಬೇಕಾಗುತ್ತದೆ. ಇಲ್ಲಿ ನಾನು ದೊಡ್ಡ ಊರಿನವಳಂತೆ ನಡೆದುಕೊಂಡು ಬಂದಿದ್ದೇನೆ. ಹೀಗಾಗಿ ನಾಲ್ಕು ಎಂದು ಹೊಡೆದೆ, ಮುಂದಿನ ಸಾಲಿಗೆ ಹೋದೆ.

ಊಟದ ಮನೆಯ ಮಾತು. ನಿನ್ನ ಮೈಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ ಮಹಾದೇವಿ. ಬಂದಿದ್ದರೂ ನಾನು ನಿನ್ನ ಪಕ್ಕದಲ್ಲೇ ಕೂರಬೇಕಿತ್ತು. ನೇಕಾರರ ಮಗಳು, ನನ್ನ ಕೈಗೂ ನೂಲಿನ ಗಂಜಿಯ ವಾಸನೆ ಇತ್ತು. ಇನ್ನು ನನ್ನ ಸರದಿ ಬರುತ್ತದೆಂದು ಹೆದರಿದೆ. ತಪ್ಪಾಯಿತು. ಎಂಟು ವರ್ಷದಿಂದ ಈ ಒಂದು ಮಾತು ಬಾಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು.

ಈಗ ಸುದ್ದಿ. ಹೋದ ಸೋಮವಾರ ನಮ್ಮ ವಿಭಾಗದ ಸಭೆ ಇತ್ತು. ನನ್ನ ಕೆಲಸ ಮೂಲೆಯಲ್ಲಿ ಕೂತು ಅವರ ಮಾತು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು. ಸಾಹೇಬರು, "ಬಾಗಲಕೋಟೆ ವರದಿ ನೋಡಿ, ನಾಲ್ಕು ಕುರಿ" ಎಂದು ನಕ್ಕರು, ಎಲ್ಲರೂ ನಕ್ಕರು. ನಾನು ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತೆ. ಆ ವರದಿ ಸುಳ್ಳು, ಅದನ್ನು ಟೈಪು ಮಾಡಿದವಳು ನಾನೇ, ಆ ಜನ ನನಗೆ ಗೊತ್ತು ಎಂದೆ. ಅಲ್ಲಿಂದ ಮುಂದೆ ಏನು ಹೇಳಿದೆನೋ ನೆನಪಿಲ್ಲ. ನಿನ್ನ ಎರಡೂ ಕಾಗದದಲ್ಲಿದ್ದದ್ದನ್ನು ಹೇಳಿದೆ ಎಂದು ಕಾಣುತ್ತದೆ. ಮುದುಕ ಮಾಳಿಂಗರಾಯನ ಎರಡು ಬಸ್ಸು ಹೇಳಿದ್ದು ಮಾತ್ರ ಗೊತ್ತು, ಏಕೆಂದರೆ ಆಗ ಅವರು ಮತ್ತೆ ನಕ್ಕರು. ಈ ನಗು ಬೇರೆ ಇತ್ತು.

ಗಾಡಿಯ ಇಂಜಿನಿಯರ್ ಪ್ರಿಯದರ್ಶಿನಿ ಮೇಡಂ ಮೈಸೂರಿನ ಕಡೆಯವರು. ಹೊರಗೆ ಬಂದು, "ಕುರಿಯ ಸಂಖ್ಯೆ ಹೇಳುವುದು ಬೇಡ, ಆ ಕಡೆ ಓಡುವ ಶಿಖರ್ ಗಾಡಿಗಳನ್ನು ಕಣ್ಣಿಗೆ ತೋರಿಸಬಹುದೇ?" ಎಂದು ಕೇಳಿದರು. ಅಕ್ಟೋಬರ್ ಹದಿಮೂರು, ಶನಿವಾರ ಅವರು ಬಾಗಲಕೋಟೆಯಲ್ಲಿ ಇರುತ್ತಾರೆ. ನನಗೆ ರಜೆ ಕೊಡಲಿಲ್ಲ. ಎದ್ದು ನಿಂತು ಮಾತಾಡಿದ್ದಕ್ಕೆ ಸಾಹೇಬರ ಮುಖ ಇನ್ನೂ ಬಿಗಿದೇ ಇದೆ. ನೀವು ಎಲ್ಲಿ ತೋರಿಸುತ್ತೀರಿ ಬರೆ.

ಚೇತನಾ

*

ಮರೋಳ
೨೫ ಸೆಪ್ಟೆಂಬರ್ ೨೦೦೧

ಚೇತನಾ,

ಬೇಗ ಬರೆಯುತ್ತೇನೆ, ಚಂದಪ್ಪ ಹುನಗುಂದಕ್ಕೆ ಹೊರಟಿದ್ದಾನೆ, ಟಪಾಲಿಗೆ ಹಾಕುತ್ತಾನೆ.

ಜಾಗ ಬಾಗಲಕೋಟೆಯ ಆಚೆಯ ತುಳಸಿಗೇರಿ. ಹನುಮಪ್ಪನ ಗುಡಿಯಿಂದ ಆಚೆ ಬಯಲು ಇದೆ, ಅದರ ಬದಿಗೇ ಎರಿ ಹೊಲ. ಗಾಡಿಗಳನ್ನು ಎಣಿಸಲು ಕೂಡಿಸುತ್ತೇವೆ ಎಂದರೆ ಒಬ್ಬನೂ ಬರುವುದಿಲ್ಲ. ಕುರಿ ಹೊರುವ ಗಾಡಿಗೂ ಕುರಿಯದೇ ಕಟ್ಟಳೆ ಎನ್ನುತ್ತಾರೆ. ಅಪ್ಪನೇ ದಾರಿ ಹುಡುಕಿದ. "ಶನಿವಾರ ಹನುಮಪ್ಪಗ ಕಾಯಿ ಒಡಿಸಾಕ ಎಲ್ಲಾರೂ ಬರ್ರಿ ಅನ್ನು. ನಡ್ಯಾಕಾಗಂಗಿಲ್ಲ, ಗಾಡ್ಯಾಗ ಬರ್ತಾರ. ಆ ಮೇಡಂ ಎಣಿಸಿದ್ರ ಎಣಿಸ್ಲಿ. ಆಕಿ ಕಣ್ಣು, ಆಕಿ ಬಾಯಿ." ದೇವರಿಗೆ ಹೋಗುವವರನ್ನು ಯಾರು ತಡೆಯುತ್ತಾರೆ? ಹರಾಜಿನಲ್ಲಿ ಗುಡ್ಡದ ಗಾಡಿ ತಂದವರಿಗೆಲ್ಲ, ಬಾದಾಮಿ ತಾಲೂಕಿನವರೆಗೂ, ಸುದ್ದಿ ಮುಟ್ಟಿದೆ. ಇಳಕಲ್ಲಿನಲ್ಲಿ ಎಲ್ಲರ ಗಾಡಿಗೂ ಕಬ್ಬಿಣದ ಸಳಿಯ, ಅಂದರೆ ಸರಳಿನ, ಎರಡು ಅಂತಸ್ತಿನ ಕಟಕಟೆ ಕೂಡಿಸಿದ ವೆಲ್ಡಿಂಗಿನ ಜೈನಬಿ ಚಾಚಿಯೂ ಬರುತ್ತೇನೆಂದಿದ್ದಾಳೆ.

ನಿನ್ನ ಕಾಗದದ ನಡುವಿನ ಭಾಗಕ್ಕೆ ಈಗ ಉತ್ತರ ಬರೆಯಲಾರೆ. ಓದಿದ್ದೇನೆ.

ಮಹಾದೇವಿ

*

ಮರೋಳ
೧೫ ಅಕ್ಟೋಬರ್ ೨೦೦೧

ಪ್ರೀತಿಯ ಚೇತನಾ,

ನೀನು ಇರಬೇಕಿತ್ತು! ಎಲ್ಲಿಂದ ಶುರು ಮಾಡಲಿ?

ಶುಕ್ರವಾರ ಸಂಜೆ ಜೋರು ಮಳೆ ಹೊಡೆಯಿತು. ಯಾರೂ ಬರುವುದಿಲ್ಲ ಎಂದು ನಾನು ಕುಗ್ಗಿಹೋದೆ. ಬೆಳಿಗ್ಗೆ ತುಳಸಿಗೇರಿಗೆ ಹೋದರೆ ಬಯಲಲ್ಲಿ ಒಂದೂ ಗಾಡಿಯಿಲ್ಲ. ಕಂಪನಿಯ ಸಾದಾ ಪಿಕಪ್ಪಿನಲ್ಲಿ ಮೇಡಂ ಬಂದರು, ಜೊತೆಗೆ ನವನಗರದ ಶೋರೂಮಿನವನು. ಅವನು ಬಯಲನ್ನೂ ನನ್ನನ್ನೂ ನೋಡಿ, "ಎಲ್ಲಿ ಅದಾವ್ರಿ ನಿಮ್ಮ ಗಾಡಿ?" ಎಂದ. ನಾನು ಮಣ್ಣು ನೋಡುತ್ತ ನಿಂತೆ.

ಆಮೇಲೆ ಬಾದಾಮಿ ದಿಕ್ಕಿನಿಂದ ಸದ್ದು ಬಂತು. ಅವರು ರಸ್ತೆ ಹಿಡಿದು ಬರಲಿಲ್ಲ ಚೇತನಾ, ಹೊಲದೊಳಗಿಂದಲೇ ಬಂದರು. ನೀರು ನಿಂತ ಎರಿ ಮಣ್ಣನ್ನು ಸೀಳುತ್ತ ಒಂದರ ಹಿಂದೆ ಒಂದು ಗುಡ್ಡದ ಗಾಡಿ. ಬಾಗಿಲಿನ ಗುಡ್ಡ ಕೆಸರಿನಲ್ಲಿ ಮುಚ್ಚಿಹೋಗಿತ್ತು. ಮುದುಕ ಮಾಳಿಂಗರಾಯ ಮೊದಲನೆಯದರಲ್ಲಿ ಪೇಟ ಸುತ್ತಿಕೊಂಡು ಮದುಮಗನಂತೆ ಕೂತಿದ್ದ. ಹುನಗುಂದ ಕಡೆಯವು ಆಚೆಯಿಂದ ಬಂದವು. ಕಾಯಿ ಒಡೆಸಲು ಬಂದ ಭಕ್ತರು ಗುಡಿ ಬಿಟ್ಟು ಬಯಲಿಗೆ ಬಂದು ನಿಂತರು.

ಮೇಡಂ ನೋಟುಬುಕ್ಕು ತೆಗೆದು ಎಣಿಸತೊಡಗಿದರು. ಅವ್ವ ಅಲ್ಲೇ ಕಾಯುತ್ತಿದ್ದಳು. ಹತ್ತಕ್ಕೆ ಮುಟ್ಟುವುದರೊಳಗೆ ಕೈಗೆ ರೊಟ್ಟಿ ಕೊಟ್ಟು "ಮದ್ಲ ಉಣ್ರಿ" ಎಂದಳು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಮಜ್ಜಿಗೆ ಹಿಡಿದು ಬಂದಳು. ಮೂರನೆಯ ಸಲ ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ ಎಂದು ಹಿಡಿದು ಕೂರಿಸಿಕೊಂಡಳು. ಮೇಡಂ ಅವ್ವನ ಮುಖ ನೋಡಿದರು, ನೋಟುಬುಕ್ಕು ಚೀಲಕ್ಕೆ ಹಾಕಿ, "ನಾನು ಎಣಿಸುವುದಿಲ್ಲ ಅಮ್ಮ. ಒಂದು ಫೋಟೋ ತೆಗೆದುಕೊಳ್ಳಲೇ?" ಎಂದರು. ಅವ್ವ ನನ್ನ ಕಿವಿಯಲ್ಲಿ, "ಬುಕ್ಕಿನ್ಯಾಗಿನ ಮಾತು ಮಾತಾಡ್ತಾಳ, ಆದ್ರ ಶ್ಯಾಣ್ಯಾಕಿ" ಎಂದಳು. ಫೋಟೋಕ್ಕೆ ಅಪ್ಪನೂ ಒಪ್ಪಿದ. ಫೋಟೋ ಬಾಯಿ ಬಿಟ್ಟು ಲೆಕ್ಕ ಹೇಳುವುದಿಲ್ಲವಲ್ಲ. ಮೇಡಂ ಗುಡಿಯ ಮಾಳಿಗೆ ಹತ್ತಿ ಇಡೀ ಬಯಲನ್ನು ಹಿಡಿದರು.

ಇಳಿದು ಬಂದು ನನ್ನನ್ನೇ ಕರೆದರು. "ನೀವು ಓಡಿಸುತ್ತೀರಂತೆ. ನನ್ನನ್ನು ಆ ಹೊಲದಲ್ಲಿ ಕರೆದುಕೊಂಡು ಹೋಗಿ." ನೆಂಟರ ಗಾಡಿಯ ಕೆಳ ಅಂತಸ್ತಿನಲ್ಲಿ ತಾಯಿ ಕುರಿ, ಮೇಲೆ ಮರಿಗಳು, ಮುಂದೆ ನಾನು, ಪಕ್ಕದಲ್ಲಿ ಮೇಡಂ. ಅವರದೇ ಡ್ರೈವರು ಸಾದಾ ಗಾಡಿಯನ್ನು ನಮ್ಮ ಹಿಂದೆ ಇಳಿಸಿ ಹತ್ತು ಮಾರು ಬರುವುದರೊಳಗೆ ಅಚ್ಚಿನವರೆಗೆ ಹೂತ. ನಾನು ಹೊಲದ ಆ ತುದಿ ಮುಟ್ಟಿ, ತಿರುಗಿ ಬಂದು, ಹಗ್ಗ ಕಟ್ಟಿ ಅದನ್ನು ಎಳೆದು ರಸ್ತೆಗೆ ಹಾಕಿದೆ. ಮೇಲೆ ಒಂದು ಮರಿಯೂ ಮುಗ್ಗರಿಸಲಿಲ್ಲ. ಊರವರು ನಗುತ್ತಾರೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆನಲ್ಲ, ನಮ್ಮ ಜೊತೆ ಕಾಯಿ ಒಡೆಸಲು ಬಂದಿದ್ದ ಅವರೇ ಸೀಟಿ ಹೊಡೆದರು. ಚಂದಪ್ಪ ಎಲ್ಲರಿಗೂ, "ನನ್ನ ಹೇಣ್ತಿ, ನನ್ನ ಹೇಣ್ತಿ" ಎಂದು ಹೇಳುತ್ತ ತಿರುಗಿದ, ಯಾರಿಗೂ ಗೊತ್ತಿಲ್ಲದವನಂತೆ.

ಮೇಡಂ ಟೇಪು ಹಿಡಿದು ಕಟಕಟೆಯ ಅಳತೆ ಬರೆದುಕೊಂಡರು. ಜೈನಬಿ ಚಾಚಿ ಪಕ್ಕದಲ್ಲೇ ನಿಂತು, "ಬರಕೋರಿ, ಆದ್ರ ಸಳಿ ದೂರ ದೂರ ಇಟ್ಟೀರಿ ಅಂದ್ರ ಮರಿ ಕಾಲ ಸಿಗತೈತಿ. ನಾಕ ಬೆಟ್ಟಿಗಿಂತ ಹೆಚ್ಚು ಬ್ಯಾಡ" ಎಂದು ಪಾಠ ಹೇಳಿದಳು. ಅದನ್ನೂ ಬರೆದುಕೊಂಡರು.

ಹೊರಡುವಾಗ ಮೇಡಂ ನಿನ್ನ ಸುದ್ದಿ ಹೇಳಿದರು. ಸಭೆಯಲ್ಲಿ ಎದ್ದಾಗ ನೀನು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಮಾತಾಡಿದೆಯಂತೆ. ಅದನ್ನು ಕೇಳಿ ನನಗೆ ಅಳು ಬಂತು. ಎಂಟು ವರ್ಷ ನಿನ್ನನ್ನು ಬೈದುಕೊಂಡೇ ಬದುಕಿದೆ. ಸಾಕು. ಆ ಊಟದ ಮನೆಯನ್ನು ಇಲ್ಲಿಗೆ ಬಿಡೋಣ. ನನಗೆ ನನ್ನ ಗೆಳತಿ ಬೇಕು.

ಗಾಡಿ ಬಂದರೂ ಬಾರದಿದ್ದರೂ ನಿನ್ನವಳು,
ಮಹಾದೇವಿ

*

ಪುಣೆ
೬ ನವೆಂಬರ್ ೨೦೦೧

ಮಹಾದೇವೀ,

ನಿಲ್ಲಿಸುವುದಿಲ್ಲ! ನಿಲ್ಲಿಸುವುದಿಲ್ಲ! ಉಳಿದದ್ದನ್ನು ನಿಧಾನ ಓದು, ಮೊದಲು ಕಾಕಾನಿಗೆ ಇಷ್ಟು ಕೂಗಿ ಹೇಳು.

ನಿನ್ನೆಯ ಸಭೆಗೆ ಮೇಡಂ ಹಟ ಹಿಡಿದು ನನ್ನನ್ನು ಒಳಗೆ ಕೂರಿಸಿದರು. ತುಳಸಿಗೇರಿಯ ಫೋಟೋವನ್ನು ಮೇಜಿನಷ್ಟು ದೊಡ್ಡದು ಮಾಡಿಸಿ ಹಾಸಿದ್ದರು. ದೊಡ್ಡ ಸಾಹೇಬರು ಪೆನ್ಸಿಲ್ ಹಿಡಿದು ಎಣಿಸಿ ಮೂವತ್ತೆಂಟು ಎಂದರು. ಮಾರಾಟದ ಮುಖ್ಯಸ್ಥರು ನಲವತ್ತೊಂದು ಎಂದರು. ಲೆಕ್ಕಪತ್ರದವರು ಕನ್ನಡಕ ಒರೆಸಿಕೊಂಡು ಮೂವತ್ತಾರು ಎಂದರು. ಒಬ್ಬರ ಲೆಕ್ಕ ಒಬ್ಬರು ಒಪ್ಪಲಿಲ್ಲ, ಅರ್ಧ ಗಂಟೆ ಜಗಳಾಡಿದರು. ಲಗಮವ್ವ ಕಾಕುವಿಗೆ ಹೇಳು, ಇಲ್ಲಿ ರೊಟ್ಟಿ ಮಜ್ಜಿಗೆ ಇಲ್ಲದೆಯೇ ಅವರು ದಾರಿ ತಪ್ಪಿದರು. ಕಡೆಗೆ ದೊಡ್ಡ ಸಾಹೇಬರು ಪೆನ್ಸಿಲ್ ಒಗೆದು, "ಶೂನ್ಯ ಅಲ್ಲವಲ್ಲ, ಅಷ್ಟು ಸಾಕು" ಎಂದರು.

ಶಿಖರ್ ಇನ್ನು ವಿಶೇಷ ಆವೃತ್ತಿಯಲ್ಲ, ಕಾಯಂ ಗಾಡಿ. ದೊಡ್ಡ ದೀಪ ತೆಗೆಯುತ್ತಾರೆ, ಗುಡ್ಡದ ಚಿತ್ರ ಇರುತ್ತದೆ. ಹಿಂದೆ ಕಾರ್ಖಾನೆಯಲ್ಲೇ ಎರಡು ಅಂತಸ್ತಿನ ಕಟಕಟೆ, ಸಳಿಗಳ ನಡುವೆ ನಾಲ್ಕೇ ಬೆರಳು. ಜೈನಬಿ ಚಾಚಿಯ ಹೆಸರನ್ನು ನಕ್ಷೆಯ ಮೇಲೆ ನಾನೇ ಟೈಪು ಮಾಡಿದೆ. ಮೊದಲ ಗಾಡಿ ಜನವರಿಯಲ್ಲಿ ಬರುತ್ತದೆ, ಅದು ಮರೋಳದ್ದು. ಕಂಪನಿಯ ಮೊಹರಿನ ಕಾಗದ ಇದರ ಜೊತೆ ಇದೆ. ಹಟ್ಟಿ ಹಬ್ಬಕ್ಕೆ ಮೊದಲು ನಿನ್ನ ಕೈ ಸೇರಲಿ.

ಸಂಭ್ರಮದಲ್ಲಿ ಊಟ ಮರೆತ,
ಚೇತನಾ

*

ಮರೋಳ
೧೭ ನವೆಂಬರ್ ೨೦೦೧

ಚೇತನಾ,

ನಿನ್ನ ಕಾಗದ ಹಬ್ಬದ ದಿನವೇ ಬಂತು. ಬಂದದ್ದು ಎಂಥ ಹೊತ್ತಿಗೆ ಕೇಳು.

ಅಪ್ಪ ಮಾತು ತಪ್ಪುವವನಲ್ಲ. ಸುದ್ದಿ ಬರಲಿಲ್ಲವೆಂದು ವ್ಯಾಪಾರಿಗೆ ಹೇಳಿ ಕಳಿಸಿಬಿಟ್ಟಿದ್ದ. ಲಾರಿ ಬಂದು ದೊಡ್ಡಿಯ ಬಾಯಿಗೆ ನಿಂತಿತ್ತು. ಚಂದಪ್ಪ ಮನೆಯೊಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ವ್ಯಾಪಾರಿ, "ಎಷ್ಟ ಅದಾವ ಹೇಳಪಾ ಯಜಮಾನಾ, ಹೇರೂಣು" ಎಂದ. ಅಪ್ಪ ದೊಡ್ಡಿಯ ಕಡೆ ತಿರುಗಿದ. ಒಂದೊಂದೇ ಮುಖ ನೋಡುತ್ತ ನಿಂತ. ನನ್ನಪ್ಪನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಪೋಸ್ಟಮನ್ ಸೈಕಲ್ಲಿನ ಗಂಟೆ ಹೊಡೆದ. ನಾನು ಅಲ್ಲೇ ಒಡೆದು ಓದಿದೆ, ಮೊದಲ ಎರಡು ಮಾತು ಊರಿಗೆಲ್ಲ ಕೇಳಿರಬೇಕು. ಅಪ್ಪ ಮೊಹರಿನ ಕಾಗದವನ್ನು ತಿರುವಿ ಮುರುವಿ ನೋಡಿ, ಹಣೆಗೆ ಒತ್ತಿಕೊಂಡು, ವ್ಯಾಪಾರಿಯ ಕಡೆ ತಿರುಗಿದ. "ಲಾರಿ ತಿರುಗಿಸ್ಕೋ ತಮ್ಮಾ. ಹೋಳಿಗಿ ಉಂಡು ಹೋಗು." ಚಂದಪ್ಪ ಒಳಗಿನಿಂದ ಓಡಿ ಬಂದು ಲಾರಿಗೆ ಹಿಂದೆ ಸರಿಯಲು ಕೈ ಮಾಡಿ ದಾರಿ ತೋರಿಸಿದ. ಅಷ್ಟು ಹುರುಪಿನಿಂದ ಅವನು ನನ್ನನ್ನೂ ಎಂದೂ ಕರೆದಿಲ್ಲ.

ಜನವರಿಯವರೆಗೆ ಮರೋಳದ ಹೊಲಗಳಲ್ಲೇ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತೇವೆ. ಮಲಪ್ರಭೆಯ ಕಡೆಗೆ ಹಟ್ಟಿ ಈ ವರ್ಷ ತಡವಾಗಿ ಏಳುತ್ತದೆ.

ಹೋಳಿಗೆ ಉಂಡ ಕೈಯಿಂದ,
ಮಹಾದೇವಿ

*

ಮರೋಳ
೨೪ ಜನವರಿ ೨೦೦೨

ಚೇತನಾ,

ನವನಗರಕ್ಕೆ ನಾನು, ಚಂದಪ್ಪ ಹೋಗಿದ್ದೆವು. ಶೋರೂಮಿನವನು ಗಾಡಿಗೆ ಹೂವಿನ ಹಾರ ಹಾಕಿ, ಬೀಗದ ಕೈಯನ್ನು ಚಂದಪ್ಪನ ಮುಂದೆ ಹಿಡಿದ. ಚಂದಪ್ಪ ಕೈ ಹಿಂದೆ ಕಟ್ಟಿಕೊಂಡು, "ನನಗ ನಡ್ಯಾಕ ಬರತೈತ್ರಿ. ಹೊಡ್ಯಾಕ ಬರೂದು ಆಕಿಗೆ" ಎಂದ. ಶೋರೂಮಿನವನು ಎರಡೂ ಕೈಯಿಂದ ನನಗೆ ಕೊಟ್ಟ, "ತಗೋರಿ ಅಕ್ಕಾರ" ಎಂದ.

ಬರುವಾಗ ಇಳಕಲ್ಲಿನವರೆಗೂ ಹೋಗಿ ಬಂದೆ. ನಿನ್ನ ಅಪ್ಪ ಕಳಕಪ್ಪ ಕಾಕಾ ಮಗ್ಗ ಬಿಟ್ಟು ಎದ್ದು ಬಂದು ಕಟಕಟೆಯ ಸಳಿಗಳ ನಡುವೆ ಬೆರಳಿಟ್ಟು ನೋಡಿದರು. ನಿನ್ನ ಅವ್ವ ಕುಪ್ಪಸದ ಖಣ ಕೊಟ್ಟು ಉಡಿ ತುಂಬಿದಳು. ಉಡಿ ತುಂಬಿದ್ದು ನನಗಲ್ಲ, ಗಾಡಿಗೆ. ಹಸುರು ಖಣ ಈಗ ಕನ್ನಡಿಗೆ ಕಟ್ಟಿದೆ.

ಅಪ್ಪ ಗಾಡಿಯನ್ನು ಮೂರು ಸುತ್ತು ಸುತ್ತಿ ನೋಡಿದ. ಮೊಣಕಾಲಿನ ದೆಸೆಯಿಂದ ಈ ವರ್ಷ ತಾನು ಹೊರಡಲಾಗದೆಂದು ಅವನು ಅವ್ವನ ಮುಂದೆ ಒಪ್ಪಿಕೊಂಡಾಗಿತ್ತು, ಕಂಬಳಿ ಕೋಲು ಚಂದಪ್ಪನಿಗೆ ಒಪ್ಪಿಸಿಯೂ ಆಗಿತ್ತು. ಕಟಕಟೆ ಅಲುಗಾಡಿಸಿದ, ಗಾಲಿಗೆ ಕೈಯಿಂದ ತಟ್ಟಿದ. ಆಮೇಲೆ ಯಾರಿಗೂ ಹೇಳದೆ ಬಾಗಿಲು ತೆಗೆದು ಮುಂದಿನ ಸೀಟಿಗೆ ಹತ್ತಿ ಕೂತ.

ಹಟ್ಟಿ ಏಳುವುದು ನಾಳೆ ನಸುಕಿಗೆ. ಇವತ್ತು ಇನ್ನೂ ಮಧ್ಯಾಹ್ನ. ಇಳಿದು ಬಾ ಎಂದು ನಾನು ಕರೆದೆ, ಅವ್ವ ಕರೆದಳು, ಚಂದಪ್ಪ ಕರೆದ. "ನೀವು ಹೊರಡೂ ಗದ್ದಲದಾಗ ನನ್ನ ಬಿಟ್ಟು ಹೋಗ್ತೀರಿ. ನಾ ಇಳಿಯಂಗಿಲ್ಲ. ಮಲಪ್ರಭಾ ದಂಡಿಗೇ ಇಳಿಯೂದು" ಎಂದ. ಅವ್ವ ಬೈದುಕೊಳ್ಳುತ್ತ ರೊಟ್ಟಿಯ ತಾಟನ್ನು ಕಿಟಕಿಯಿಂದಲೇ ಕೊಟ್ಟಳು. ಕೊಟ್ಟು, ಸೆರಗು ಕೊಡವಿಕೊಂಡು, ಅವಳೂ ಹತ್ತಿ ಅವನ ಪಕ್ಕದಲ್ಲಿ ಕೂತಳು.

ನಿನ್ನ,
ಮಹಾದೇವಿ